ಕಿವಿ ಓದುವವಳು

ರಿಸ್ತೆನ್ ಅತ್ತೆ ಕಿವಿ ಓದುತ್ತಾಳೆ.
ದೊಡ್ಡಿಯೊಳಗೆ ಮುನ್ನೂರು ಹಿಮಸಾರಂಗ ಸುತ್ತು ಹಾಕುವಾಗ,
ಗೆಣ್ಣುಗಳ ಕಟಕಟ, ಉಸಿರಿನ ಹಬೆ,
ಕಣ್ಣೆದುರು ಹಾದುಹೋದ ಒಂದು ಕಿವಿಯಂಚಿನಲ್ಲಿ
ಎರಡು ಕಚ್ಚು, ಒಂದು ಓರೆ, ಕೆಳಗೊಂದು ಸೀಳು:
"ಅದು ನಿಲ್ಲಾಸನ ಕಿರಿಮಗಳದು, ಬಿಡು" ಎನ್ನುತ್ತಾಳೆ.
ನಾನಿನ್ನೂ ಕೊಂಬು ನೋಡುತ್ತಿರುತ್ತೇನೆ.

ಆ ದಿನ ಅವಳೇ ಆರಿಸಿ ಕೊಟ್ಟದ್ದು
ಬೂದುಬೆನ್ನಿನ ಮುದಿ ಹೆಣ್ಣು.
ಹೊರಗೆ ಸೊನ್ನೆಗಿಂತ ಮೂವತ್ತೊಂಬತ್ತು ಕೆಳಗೆ.
ದಕ್ಷಿಣದ ವಿಶ್ವವಿದ್ಯಾಲಯದಿಂದ ಬಂದ ತುರೂನ್
ಕೈಗವಸು ಕಳಚಿ, ಬಿಸಿ ಹೊಟ್ಟೆಗೆ ಥರ್ಮಾಮೀಟರು ಚುಚ್ಚಿದಳು:
ಮೂವತ್ತೊಂಬತ್ತು. ಮೇಲೆ.
"ನೋಡಿ" ಎಂದಳು. ನೋಡಿದೆವು.
ಒಳಗೆ ಅಷ್ಟು ಕಿಚ್ಚು, ಒಂದೆಳೆ ಹೊಗೆಯಿಲ್ಲ.

ನಾನು ನಡುವೆ ನಿಂತು ಮಾತು ದಾಟಿಸುವವನು,
ದಿನಗೂಲಿ, ಮೇಲೆ ಕಾಫಿ.
ತುರೂನ್ ಹೇಳಿದಳು: ಇವಳು ತಿಂದ ಕಲ್ಲುಹೂವು, ವಿಲ್ಲೋ ಚಿಗುರು, ಬರ್ಚ್ ಕಡ್ಡಿ,
ಯಾವುದನ್ನೂ ಇವಳು ಅರಗಿಸಿದ್ದಲ್ಲ;
ಕಣ್ಣಿಗೆ ಕಾಣದವರು ಕೋಟಿ ಕೋಟಿ ಕೂತು
ಮರವನ್ನು ಸಕ್ಕರೆ ಮಾಡಿ ಬಡಿಸಿದ್ದು.
ಅವರ ಬರಹ ಓದಿದರೆ
ಗರಗಸದ ಹೊಟ್ಟಿನಿಂದ ನಾವು ಇಂಧನ ತೆಗೆದೇವು.
ಬರಹಕ್ಕೆ ಅಕ್ಷರ ನಾಲ್ಕೇ.

"ನಾಲ್ಕೇ?" ಅತ್ತೆ ಚಾಕು ಒರೆಸಿಕೊಂಡಳು.
"ನಮ್ಮ ಕಿವಿಗಳಿಗೇ ಇಪ್ಪತ್ತು ಬೇಕು."

ಕಿಣ್ವಕ್ಕೆ ನಮ್ಮಲ್ಲಿ ಮಾತಿಲ್ಲ. ಸಣ್ಣ ಚಾಕು ಎಂದೆ.
ಚಾಕು ಹಿಡಿದ ಕೈ ಯಾರದು, ಕೇಳು ಅವಳನ್ನು, ಎಂದಳು ಅತ್ತೆ.
ಕೇಳಿದೆ. ತುರೂನ್ ತುಸು ತಡೆದಳು.
ಒಬ್ಬ ಕೊಯ್ಯುತ್ತಾನೆ, ಕೊಯ್ದದ್ದನ್ನು ಇನ್ನೊಬ್ಬ ತಿನ್ನುತ್ತಾನೆ,
ಅವನು ಬಿಟ್ಟ ಗಾಳಿಯನ್ನು ಮತ್ತೊಬ್ಬ ಕುಡಿಯುತ್ತಾನೆ;
ಒಬ್ಬನನ್ನೇ ತಂದು ಗಾಜಿನ ತಟ್ಟೆಯಲ್ಲಿಟ್ಟು
ಬೇಕಾದ್ದೆಲ್ಲ ಬಡಿಸಿದರೂ
ಬೆಳೆಯುವುದಿಲ್ಲ. ಯಾಕೋ ಗೊತ್ತಿಲ್ಲ.

ಅತ್ತೆ ಮೊದಲ ಸಲ ಅವಳ ಮುಖ ನೋಡಿದಳು.
"ಕೂರಿಸು ಅವಳನ್ನು," ಎಂದಳು, "ಸಾರು ಬಿಸಿಯಿದೆ."

ಒಂದು ಸೌಟು ಹಸಿರು ಗಂಜಿ ಸಾಕಾಯಿತು.
ಹೊಗೆಯಾಡುವ ನೈಟ್ರೋಜನ್ ಡಬ್ಬಿಯಲ್ಲಿ ಅದು ಕಲ್ಲಾಯಿತು.
ಉಳಿದ ಚೀಲ ಅತ್ತೆಗೆ:
ತೊಳೆದಳು, ರಕ್ತ ತುಂಬಿದಳು, ಬಾಯಿ ಕಟ್ಟಿ
ಉಗ್ರಾಣದ ಮೊಳೆಗೆ ತೂಗುಹಾಕಿದಳು.

ಏಪ್ರಿಲ್‌ನಲ್ಲಿ ಕಾಗದ ಬಂತು.
ಮಾದರಿ ಏಳು. ಒಡೆದು ಓದಿದ ಚೂರುಗಳು ಹನ್ನೊಂದು ಲಕ್ಷ,
ಹೊಲಿದು ಜೋಡಿಸಿದಾಗ ಮುನ್ನೂರು ಜೀವ,
ಅದರಲ್ಲಿ ಇನ್ನೂರಕ್ಕೆ ಹೆಸರೇ ಇಲ್ಲ, ಬರೀ ಅಂಕಿ.
ಯಾರಿಂದ ಯಾರಿಗೆ ಊಟ ಎಂದು ಬಾಣ ಹಾಕಿದ ಚಿತ್ರ,
ಚೆಲ್ಲಾಪಿಲ್ಲಿ ಹಗ್ಗದ ಹಾಗೆ.
ಅತ್ತೆ ಕನ್ನಡಕ ಏರಿಸಿ ಚಿತ್ರವನ್ನು ಬೆಳಕಿಗೆ ಹಿಡಿದಳು.

"ಏಳು ಅಲ್ಲ ಅವಳು," ಎಂದಳು. ಹೆಸರು ಹೇಳಲಿಲ್ಲ.
"ಆ ಬಡಗಣ ಗುಡ್ಡ ಎಲ್ಲಿದೆ ಇದರಲ್ಲಿ?
ಈಗ ಗಾಳಿಯ ರೆಕ್ಕೆ ತಿರುಗುವಲ್ಲಿ,
ಅವಳ ತಾಯಿ ಕಲ್ಲುಹೂವು ಕೆದಕಿದ್ದು?"
ಹುಡುಕಿದೆ. ಪುಟ ಹದಿನಾಲ್ಕರಲ್ಲಿ
ಅಕ್ಷಾಂಶ, ರೇಖಾಂಶ ಇತ್ತು: ನಮ್ಮ ದೊಡ್ಡಿಯದು.

ಫೋನಿನಲ್ಲಿ ತುರೂನ್, ದನಿ ಕುಣಿಯುತ್ತಿತ್ತು:
ಹೆಸರಿಲ್ಲದವರಲ್ಲಿ ಒಬ್ಬನ ಚಾಕು
ಇದುವರೆಗಿನ ಎಲ್ಲಕ್ಕಿಂತ ಹರಿತವಂತೆ,
ಬರ್ಚ್ ಮರವನ್ನು ಬೆಣ್ಣೆಯಂತೆ ಕೊಯ್ಯುತ್ತದಂತೆ,
ಕಂಪನಿಯೊಂದು ಕೇಳಿಕೊಂಡು ಬಂದಿದೆಯಂತೆ.

ಅತ್ತೆ ಎಲ್ಲ ಕೇಳಿ,
ಕಾಗದದ ಅಂಚನ್ನು ಹೆಬ್ಬೆರಳಲ್ಲಿ ಸವರಿದಳು, ಸುತ್ತಲೂ,
ಮೇಲಿಂದ ಕೆಳಗೆ, ಮತ್ತೆ ಮೇಲೆ,
ಕತ್ತಲ ದೊಡ್ಡಿಯಲ್ಲಿ ಕರುವಿನ ತಲೆ ಹಿಡಿದು ಹುಡುಕುವ ಹಾಗೆ.
"ಇದಕ್ಕೆ ಕಿವಿ ಎಲ್ಲಿ? ಕೇಳು."

ತುರೂನ್ ಕಾಯುತ್ತಿದ್ದಳು: ಏನಂತೆ, ಏನಂತೆ?
ಹವೆ ಹೇಗಿದೆ ಎಂದು ಕೇಳುತ್ತಿದ್ದಾಳೆ, ಎಂದೆ.
ಈ ಕೂಲಿಯಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

ಅಷ್ಟರಲ್ಲಿ ಉಗ್ರಾಣದಿಂದ ಕೊಡಲಿಯ ಸದ್ದು.
ಮೊಳೆಯಿಂದಿಳಿಸಿದ ಚೀಲವನ್ನು ಒಡೆಯುತ್ತಿದ್ದಳು,
ರಾತ್ರಿಯಡುಗೆಗೆ, ಕಪ್ಪು ಕೆಂಪು ಹರಳು ಹರಳಾಗಿ.